ರಾಶಿ ದೊಡ್ಡದು, ಕಾಳು ಕಡಿಮೆ

“ಟವರ್ ಲೈನ್ ಕೆಳಗ ದುಡಿದ್ರ ಕ್ಯಾನ್ಸರ್ ಬರ್ತದಂತ, ಖರೇ ಏನ್ರಿ?” ಕುಪ್ಪೇಲೂರಿನ ಗೋವಿನಜೋಳದ ಹೊಲದಲ್ಲಿ ನಿಂತು ಯಾರಾದರೂ ಹೀಗೆ ಕೇಳಿದರೆ ವಿಜ್ಞಾನಿಗಳ ಬಳಿ ನೇರ ಉತ್ತರ ಇರಬೇಕಿತ್ತು. ಇಂಥ ತಂತಿಗಳ ಸುತ್ತ ಏಳುವ 50 ಹರ್ಟ್ಸ್ ಕಾಂತಕ್ಷೇತ್ರ ಜೀವಕೋಶಕ್ಕೆ ಏನು ಮಾಡುತ್ತದೆ ಎಂದು ದಶಕಗಳಿಂದ ಪ್ರಯೋಗಗಳು ನಡೆದಿವೆ. ರಾಶಿ ದೊಡ್ಡದು, ತೂರಿದರೆ ಉಳಿಯುವ ಕಾಳು ಕಡಿಮೆ.

ಅಮೆರಿಕದ ವಿಜ್ಞಾನಿ ಲಿಬರ್ಡಿ ಅವರ ಪ್ರಕರಣವನ್ನೇ ನೋಡಿ. ಇಂಥ ಕ್ಷೇತ್ರದಿಂದ ಬಿಳಿ ರಕ್ತಕಣಗಳ ಕ್ಯಾಲ್ಸಿಯಂ ಸಂಕೇತ ಬದಲಾಗುತ್ತದೆ ಎಂದು ಅವರು 1992ರಲ್ಲಿ ಎರಡು ಪ್ರಬಂಧ ಬರೆದರು. ಕ್ಯಾನ್ಸರಿಗೆ ದಾರಿ ಸಿಕ್ಕಿತೆಂದು ಅದಕ್ಕೆ ಭಾರಿ ಮಹತ್ವ ಬಂತು. ಅಂಕಿಗಳನ್ನು ತಿರುಚಲಾಗಿದೆ ಎಂದು ಸರ್ಕಾರಿ ತನಿಖೆ 1999ರಲ್ಲಿ ಹೇಳಿತು. ಅವರು ತಪ್ಪೊಪ್ಪಿಕೊಳ್ಳಲಿಲ್ಲ, ಆದರೆ ಆ ಅಂಕಿಗಳನ್ನು ಹಿಂಪಡೆಯಲು ಒಪ್ಪಿದರು. ವಿಯೆನ್ನಾದ ತಂಡದ್ದು ಬೇರೆ ಕಥೆ. 1 ಮಿಲಿಟೆಸ್ಲಾ ಕ್ಷೇತ್ರವನ್ನು 5 ನಿಮಿಷ ಕೊಟ್ಟು 10 ನಿಮಿಷ ನಿಲ್ಲಿಸುತ್ತ ಹೋದರೆ ಮನುಷ್ಯನ ಚರ್ಮಕೋಶದ ಡಿಎನ್‌ಎ ತುಂಡಾಗುತ್ತದೆ ಎಂದು ಅದು 2002ರಲ್ಲಿ ವರದಿ ಮಾಡಿತು. ಅದೇ ವಿಧಾನ ಅನುಸರಿಸಿದ ಇಟಲಿಯ ಪ್ರಯೋಗಾಲಯಕ್ಕೆ 2005ರಲ್ಲಿ ಅಂಥದ್ದೇನೂ ಕಾಣಲಿಲ್ಲ. ಇನ್ನೊಬ್ಬರ ಕೈಯಲ್ಲಿ ಮತ್ತೆ ಸಿಗದ ಫಲಿತಾಂಶವನ್ನು ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಭೌತವಿಜ್ಞಾನವೂ ಈ ಪ್ರಯೋಗಗಳ ಕಡೆಗಿಲ್ಲ. 50 ಹರ್ಟ್ಸ್ ಅಲೆಗೆ ರಾಸಾಯನಿಕ ಬಂಧ ಮುರಿಯುವ ಶಕ್ತಿಯಿಲ್ಲ. ದುರ್ಬಲ ಕ್ಷೇತ್ರ ಕೋಶದಲ್ಲಿ ಹುಟ್ಟಿಸುವ ಕಂಪನ, ಕೋಶದ ಶಾಖದಿಂದಲೇ ಏಳುವ ಗದ್ದಲದಲ್ಲಿ ಮುಳುಗಿಹೋಗುತ್ತದೆ ಎಂದು ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಅಡೇರ್ 1991ರಲ್ಲೇ ಲೆಕ್ಕಹಾಕಿ ತೋರಿಸಿದ್ದರು. 400 ಕೆವಿ ಲೈನಿನ ಕೆಳಗೆ ಕೈಯಲ್ಲಿ ಹಿಡಿದ ಟ್ಯೂಬ್‌ಲೈಟ್ ಮಿನುಗುತ್ತದಲ್ಲ ಅನ್ನಬಹುದು. ಅದು ವಿದ್ಯುತ್ ಕ್ಷೇತ್ರದ ಆಟ; ಗೋಡೆ, ಗಿಡಮರ ಅದನ್ನು ಬಹುಮಟ್ಟಿಗೆ ತಡೆಯುತ್ತವೆ. ಕಾಂತಕ್ಷೇತ್ರ ಗೋಡೆಗೆ ನಿಲ್ಲುವುದಿಲ್ಲ, ನಿಜ. ಆದರೆ ತಂತಿಯಿಂದ ದೂರ ಹೋದಂತೆ ಬೇಗ ಇಳಿಯುತ್ತದೆ.

ಹಾಗೆಂದು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಮನೆಯಲ್ಲಿ ಕಾಂತಕ್ಷೇತ್ರ ಸರಾಸರಿ 0.4 ಮೈಕ್ರೊಟೆಸ್ಲಾ ಮೀರಿದ ಕಡೆ ಮಕ್ಕಳ ರಕ್ತಕ್ಯಾನ್ಸರ್ ಸುಮಾರು ಇಮ್ಮಡಿ ಕಂಡದ್ದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2000ರ ಒಂದು ವಿಶ್ಲೇಷಣೆಯಲ್ಲಿ. ಅಂಥ ಮಕ್ಕಳ ಸಂಖ್ಯೆ ತೀರ ಕಡಿಮೆಯಿತ್ತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಈ ಕ್ಷೇತ್ರವನ್ನು 2ಬಿ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದವುಗಳ ಗುಂಪಿಗೆ, ಸೇರಿಸಿದ್ದು ಮಕ್ಕಳ ಈ ಅಧ್ಯಯನಗಳ ಬಲದಿಂದ. ಪ್ರಾಣಿಗಳ ಪ್ರಯೋಗದಲ್ಲಿ ಸಾಕಷ್ಟು ಪುರಾವೆ ಇಲ್ಲವೆಂದು ಅದೇ ಹೇಳಿದೆ. ಆದ್ದರಿಂದ ಹೊಸ ಲೈನನ್ನು ಮನೆ, ಶಾಲೆಗಳಿಂದ ದೂರ ಎಳೆಯಿರೆಂದು ಕೇಳುವುದು ನ್ಯಾಯವೇ. ಹೊಲದ ಕೆಲಸ ಬಿಡಬೇಕಾಗಿಲ್ಲ.

ಕರೆಂಟಿನಿಂದ ಹಳ್ಳಿಗಳಲ್ಲಿ ಜೀವ ಹೋಗುವುದು ಶಾಕಿನಿಂದ. ಜೋತುಬಿದ್ದ ತಂತಿ ಕಂಡರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.