ಎರೆಭೂಮಿಯಿಂದ ನೋಡಿದ ಒಂದು ಹಿಮಚಿತ್ರ

ಜಪಾನಿನ ಹಿರೋಶಿಗೆಯ (1797–1858) ‘ಕಾನ್ಬರ: ರಾತ್ರಿಯ ಹಿಮ’ ಚಳಿಗಾಲದ ಮುದ್ರಣಚಿತ್ರಗಳಲ್ಲಿ ಬಹುಚರ್ಚಿತವಾದುದು. 1833ರ ಸುಮಾರಿಗೆ ಆರಂಭವಾದ ತೊಕೈದೊ ಹೆದ್ದಾರಿಯ ಮಾಲಿಕೆಗೆ ಸೇರಿದ ಈ ಮರದಚ್ಚಿನ ಚಿತ್ರದಲ್ಲಿ ಮೂವರು ದಾರಿಹೋಕರು ಬೆನ್ನು ಬಾಗಿಸಿ ನಡೆದಿದ್ದಾರೆ. ಹಿಮಕ್ಕೆ ಇಲ್ಲಿ ಬಣ್ಣವಿಲ್ಲ. ಮಸಿ ತಾಗದೆ ಉಳಿದ ಕಾಗದವೇ ಹಿಮ. ರೇಖೆ ಹಿರೋಶಿಗೆಯದು, ಹಲಗೆ ಕೊರೆದವರು, ಅಚ್ಚೊತ್ತಿದವರು ಬೇರೆ ಕಸಬುದಾರರು. ಜಾನಪದ ಅಭ್ಯಾಸಿಗೆ ಇದು ಸಣ್ಣ ಸಂಗತಿಯಲ್ಲ.

ಕಡಲತಡಿಯ ಕಾನ್ಬರದಲ್ಲಿ ಇಷ್ಟು ಹಿಮ ಬೀಳುವುದು ತೀರ ಅಪರೂಪ. ಆದ್ದರಿಂದ ಈ ಚಿತ್ರವನ್ನು ಹವಾಮಾನದ ದಾಖಲೆಯೆಂದು ಓದಲಾಗದು. ಹಿಮವನ್ನೇ ಕಾಣದ ಆಳಂದ, ಅಫಜಲಪುರ, ಜೇವರ್ಗಿಗಳ ನೋಡುಗನು ಅದರೆದುರು ಹಿಂಜರಿಯಬೇಕಾಗಿಯೂ ಇಲ್ಲ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವ ರೈತ ಕಂಡ ಚಳಿಗಾಲದ ನೆಲ ಕಪ್ಪು. ಮಳೆ ನಿಂತ ಮೇಲೂ ಎರೆಮಣ್ಣು ಹಿಡಿದಿಟ್ಟ ಹಸಿಯಲ್ಲೇ ಅಲ್ಲಿ ಬಿಳಿಜೋಳ ಬೆಳೆಯುತ್ತದೆ.

ಮರದಚ್ಚಿನಲ್ಲಿ ಕೊರೆದದ್ದು ಬಿಳಿ, ಕೊರೆಯದೆ ಬಿಟ್ಟದ್ದು ಕಪ್ಪು. ಹಿರೋಶಿಗೆಯ ಹಿಮಕ್ಕಾಗಿ ಹಲಗೆಯ ಬಹುಭಾಗವನ್ನು ಕೆತ್ತಿ ತೆಗೆಯಬೇಕಾಯಿತು. ನಮ್ಮ ಚಳಿಗಾಲ ಅಷ್ಟು ಬೇಡುವುದಿಲ್ಲ. ಹಲಗೆಯನ್ನು ಹೊಲದಂತೆ ಇಡಿಯಾಗಿ ಬಿಟ್ಟು, ತೆನೆಗಳನ್ನೂ ಅವುಗಳ ಮೇಲಿನ ಇಬ್ಬನಿಯನ್ನೂ ಮಾತ್ರ ಕೊರೆದರೆ ಸಾಕು.