ಮರಿ ಬಿಡುವುದೋ, ದಾರಿ ಬಿಡುವುದೋ

ಏಪ್ರಿಲ್ ಹತ್ತಿರವಾದಂತೆ ದ ಹೇಗ್‌ನ ಕನ್ನಡಿಗರಲ್ಲಿ ಗಾಳದ ಗೀಳು ಇರುವವರು ಕೇಳುವುದು ಒಂದೇ ಮಾತು: ಹತ್ತಿರದಲ್ಲಿ ಟ್ರೌಟ್ ಎಲ್ಲಿ ಸಿಗುತ್ತದೆ? ನೆದರ್ಲೆಂಡ್ಸ್‌ನಲ್ಲಿ ಕಂದು ಟ್ರೌಟ್ ಹಿಡಿಯಲು ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ನಿಷೇಧವಿದೆ. ಅದು ಕಳೆದ ಮರುದಿನವೇ ಕೋಲು ಹಿಡಿದು ಹೊರಡುವ ಆತುರ ನನಗೂ ಗೊತ್ತು. ಆದರೆ ಈ ಊರಿನಲ್ಲಿ ಟ್ರೌಟ್ ಹೊಳೆ ಇಲ್ಲ. ಆ ಮೀನಿಗೆ ತಣ್ಣಗೆ ಓಡುವ ನೀರು ಬೇಕು, ಮೊಟ್ಟೆ ಇಡಲು ಬೆಣಚುಕಲ್ಲಿನ ತಳ ಬೇಕು. ನಮ್ಮಲ್ಲಿರುವುದು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ಕಾಲುವೆಗಳು, ಮೆತ್ತನೆಯ ಕೆಸರು. ನಿಜವಾದ ಹೊಳೆಯ ಟ್ರೌಟ್ ನೋಡಬೇಕೆಂದರೆ ದೇಶದ ದಕ್ಷಿಣದ ತುದಿಗೆ, ಲಿಂಬರ್ಗ್‌ನ ಗುಡ್ಡಗಳ ನಡುವಿನ ಖ್ಯೂಲ್ ಹೊಳೆಗೆ ಹೋಗಬೇಕು.

ಹತ್ತಿರದಲ್ಲೇ ಬೇಕೆನ್ನುವವರಿಗೆ ಎರಡು ಜಾಗಗಳಿವೆ. ಒಂದು, ದುಡ್ಡು ಕೊಟ್ಟು ಕೂರುವ ಟ್ರೌಟ್ ಕೊಳ. ಸಾಕಿದ ಕಾಮನಬಿಲ್ಲು ಟ್ರೌಟನ್ನು ತಂದು ಸುರಿಯುತ್ತಾರೆ, ಬಂದವರು ಹಿಡಿದುಕೊಂಡು ಹೋಗುತ್ತಾರೆ. ಇನ್ನೊಂದು, ರಾಟರ್‌ಡ್ಯಾಮ್ ಬಂದರಿನ ಆಚೆಗಿರುವ ಓಸ್ಟ್‌ಫೋರ್ನ್ಸೆ ಮೇರ್. ಸಮುದ್ರದಿಂದ ಕಡಿದುಹೋದ ಆ ಉಪ್ಪುಸೇರಿದ ಸರೋವರದಲ್ಲಿ ಫ್ಲೈ ಗಾಳದವರು ಸೊಂಟದವರೆಗಿನ ನೀರಿನಲ್ಲಿ ನಿಂತು ದಾರ ಬೀಸುವುದು ನೋಡಲು ಚೆಂದ. ಅಲ್ಲಿನ ಟ್ರೌಟ್ ಕೂಡ ಬಿಟ್ಟ ಮೀನೇ. ಅಲ್ಲಿ ಅದು ಮರಿ ಮಾಡುವುದಿಲ್ಲ. ನಾನು ಇವೆರಡನ್ನೂ ಮೀನುಗಾರಿಕೆ ಅನ್ನುತ್ತೇನೆಯೇ ಹೊರತು ಸಂರಕ್ಷಣೆ ಅನ್ನಲಾರೆ.

ಹಾಗೆಂದು ಟ್ರೌಟ್ ನಮ್ಮಿಂದ ದೂರವಿಲ್ಲ. ಕಂದು ಟ್ರೌಟಿನ ಜಾತಿಯದೇ ಆದ ಸಮುದ್ರ ಟ್ರೌಟ್, ಹೂಕ್ ಫಾನ್ ಹಾಲೆಂಡ್‌ನ ನದೀಮುಖದಲ್ಲಿ, ನಮ್ಮ ಮನೆಯಂಗಳದಲ್ಲೇ ಎನ್ನುವಷ್ಟು ಹತ್ತಿರದಲ್ಲಿ ಹಾದು ರೈನ್ ನದಿಯನ್ನು ಏರಲು ಹೊರಡುತ್ತದೆ. ಅದಕ್ಕೆ ಬೇಕಿರುವುದು ತೆರೆದ ಬಾಗಿಲು. 1885ರ ಸುಮಾರಿಗೆ ಇದೇ ರೈನ್‌ನಲ್ಲಿ ಸಾಲ್ಮನ್ ಲಕ್ಷಗಟ್ಟಲೆ ಸಿಗುತ್ತಿತ್ತು. 1950ರ ದಶಕದ ಹೊತ್ತಿಗೆ ಪೂರ್ತಿ ಇಲ್ಲವಾಯಿತು. ಅಣೆಕಟ್ಟುಗಳು, ಕಾರ್ಖಾನೆಗಳ ಕೊಳೆ, ಮಿತಿಮೀರಿದ ಬಲೆ, ಎಲ್ಲವೂ ಸೇರಿ ಮುಗಿಸಿದವು. 1970ರಲ್ಲಿ ಹಾರಿಂಗ್‌ಫ್ಲೀಟ್ ಅಳಿವೆಗೆ ಅಡ್ಡಗೋಡೆ ಬಂದಾಗ ನದಿಯ ದೊಡ್ಡ ಬಾಯಿಯೇ ಮುಚ್ಚಿಹೋಯಿತು. 1986ರ ನವೆಂಬರ್‌ನಲ್ಲಿ ಬಾಸೆಲ್ ಬಳಿಯ ಸ್ಯಾಂಡೋಜ್ ಉಗ್ರಾಣಕ್ಕೆ ಬೆಂಕಿ ಬಿದ್ದು ವಿಷ ಹರಿದ ಮೇಲಷ್ಟೇ ನದಿಯ ದೇಶಗಳೆಲ್ಲ ಕೂತು ಮಾತಾಡಿ, ಸಾಲ್ಮನ್ ಮರಳಿ ಬರಬೇಕೆಂಬ ಗುರಿ ಇಟ್ಟುಕೊಂಡವು.

ಗಾಳಗಾರರ ಸಂಘಗಳು ಈ ಕಥೆಯೊಳಗೆ ಬರುವುದು ಇಲ್ಲಿ. ಈ ದೇಶದಲ್ಲಿ ಮೀನು ಹಿಡಿಯುವ ಹಕ್ಕು ನೀರಿನ ಒಡೆಯನದು. ನಗರಸಭೆಯಿಂದಲೋ ನೀರಿನ ಮಂಡಳಿಯಿಂದಲೋ ಆ ಹಕ್ಕನ್ನು ಗುತ್ತಿಗೆಗೆ ಪಡೆಯುವುದು ಊರಿನ ಸಂಘ. ನಾವು ಜೇಬಿನಲ್ಲಿಟ್ಟುಕೊಳ್ಳುವ ವಿಸ್‌ಪಾಸ್ ಎಂಬ ಕಾರ್ಡು ಸರ್ಕಾರದ ಪರವಾನಗಿಯಲ್ಲ, ಸಂಘದ ಸದಸ್ಯತ್ವ. ಊರಿನ ಸಂಘಗಳ ಮೇಲೆ ಪ್ರಾಂತದ ಒಕ್ಕೂಟಗಳು, ಅವುಗಳ ಮೇಲೆ ಬಿಲ್ತೋವನ್‌ನಲ್ಲಿರುವ ಸ್ಪೋರ್ಟ್‌ವಿಸ್ಸರೈ ನೆಡರ್ಲೆಂಡ್ ಎಂಬ ಇಡೀ ದೇಶದ ಒಕ್ಕೂಟ. ಬಾಡಿಗೆ ಕಟ್ಟುವವನಿಗೆ ನೀರಿನ ಬಗ್ಗೆ ಮಾತಾಡುವ ಬಾಯಿಯೂ ಇರುತ್ತದೆ. ಹಾರಿಂಗ್‌ಫ್ಲೀಟ್‌ಗಾಗಿ 2015ರಲ್ಲಿ ಲಾಟರಿ ನಿಧಿಯಿಂದ 1.35 ಕೋಟಿ ಯೂರೊ ಪಡೆದ ಆರು ಸಂಸ್ಥೆಗಳಲ್ಲಿ ಹಕ್ಕಿ, ಕಾಡು ಕಾಯುವವರ ಜೊತೆ ಗಾಳಗಾರರ ಒಕ್ಕೂಟವೂ ಒಂದು. 2018ರ ನವೆಂಬರ್‌ನಲ್ಲಿ ಅಲ್ಲಿನ ತೂಬುಗಳನ್ನು ಭರತದ ಹೊತ್ತಿನಲ್ಲೂ ಸಣ್ಣಗೆ ತೆರೆದಿಡಲು ಶುರುಮಾಡಿದರು. ಸಾಲ್ಮನ್, ಸಮುದ್ರ ಟ್ರೌಟ್ ಗಾಳಕ್ಕೆ ಸಿಕ್ಕರೂ ವರ್ಷವಿಡೀ ಬಿಡಲೇಬೇಕು. ತಾವು ಮನೆಗೆ ಒಯ್ಯಲಾಗದ ಮೀನಿಗಾಗಿ ಗಾಳಗಾರರು ವರ್ಷಗಟ್ಟಲೆ ಹೋರಾಡಿದರು ಎಂಬುದು ನನಗೆ ದೊಡ್ಡ ಮಾತು.

ಊರಿನೊಳಗಿನ ಕೆಲಸ ಇನ್ನೂ ಸಣ್ಣದು, ನನಗೆ ಇನ್ನೂ ಪ್ರಿಯವಾದದ್ದು. ದ ಹೇಗ್ ಸುತ್ತಿನ ನೀರು ಡೆಲ್ಫ್‌ಲಾಂಡ್ ನೀರಿನ ಮಂಡಳಿಯ ಆಡಳಿತದಲ್ಲಿದೆ, 1289ರಿಂದ. ತಗ್ಗಿನ ನೆಲದ ನೀರನ್ನು ಪಂಪುಮನೆಗಳು ಎತ್ತಿ ಸಮುದ್ರದ ಕಡೆ ಚೆಲ್ಲುತ್ತವೆ. ವಸಂತದಲ್ಲಿ ಹಾವುಮೀನಿನ ಮರಿಗಳು ಅಟ್ಲಾಂಟಿಕ್‌ನ ಸಾರ್ಗಾಸೊ ಸಮುದ್ರದಿಂದ ಎರಡು ಮೂರು ವರ್ಷ ತೇಲಿ ಬಂದು ಇದೇ ಪಂಪುಮನೆಗಳ ಹೊರಗೋಡೆಗೆ ಮುಟ್ಟುತ್ತವೆ. ಬೆರಳುದ್ದದ, ಗಾಜಿನಷ್ಟು ತಿಳಿಯಾದ ಮರಿ. ಕಣ್ಣೆರಡು ಕಪ್ಪು ಚುಕ್ಕಿ, ಬೆನ್ನುಮೂಳೆ ಒಂದು ಗೆರೆ. ಸಿಹಿನೀರಿನ ವಾಸನೆ ಹಿಡಿದು ಬಂದ ಅವಕ್ಕೆ ಎದುರಾಗುವುದು ಕಾಂಕ್ರೀಟು. 1960–79ರ ಕಾಲಕ್ಕೆ ಹೋಲಿಸಿದರೆ ಉತ್ತರ ಸಮುದ್ರದ ತೀರಕ್ಕೆ ಇಂದು ಬರುವ ಮರಿಗಳು ನೂರಕ್ಕೆ ಒಂದು ಪಾಲಿನ ಆಸುಪಾಸು ಮಾತ್ರ. ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು, ಡೆನ್ ಊವರ್‌ನಂಥ ಕಡೆಗಳಲ್ಲಿ 1938ರಿಂದ ಬಿಡದೆ ರಾತ್ರಿ ಬಲೆ ಎತ್ತಿ ಎಣಿಸಿ ಬರೆದಿಟ್ಟವರಿಂದ. ಈಗ ದೇಶದ ಹಲವು ತೂಬುಗಳಲ್ಲಿ ಸ್ವಯಂಸೇವಕರು ಚೌಕನೆಯ ಬಲೆ, ತಲೆಗೆ ಕಟ್ಟಿದ ದೀಪ, ಒಂದು ಬಕೆಟ್ಟು ಹಿಡಿದು ಕತ್ತಲಾದ ಮೇಲೆ ಇದನ್ನೇ ಮಾಡುತ್ತಾರೆ. ಆ ಲೆಕ್ಕ ನೋಡಿಯೇ ಯಾವ ಗೋಡೆಗೆ ಮರಿಗಳು ಹತ್ತಿ ದಾಟಲು ಒದ್ದೆ ಕುಂಚದಂಥ ಏರುದಾರಿ ಹಾಕಬೇಕೆಂದು ತೀರ್ಮಾನಿಸುವುದು.

ಸಂಘಗಳ ಮಿಕ್ಕ ಕೆಲಸ ನಿಮಗೆ ಗೊತ್ತಿರುವುದೇ: ದಡದ ಕಸ ತೆಗೆಯುವುದು, ಪಾಸು ತಪಾಸಣೆ, ಮಕ್ಕಳಿಗೆ ಪಾಠ. ಅಂಥದೊಂದು ಪಾಠದ ದಿನ ನಮ್ಮವರ ಮಗಳೊಬ್ಬಳು, "ಮಾಮ, ಮೀನಿಗೆ ನೋವಾಗಲ್ವಾ?" ಅಂದಳು. "ಆಗುತ್ತೆ ಪುಟ್ಟಿ. ಅದಕ್ಕೇ ಮುಳ್ಳಿಲ್ಲದ ಗಾಳ, ಒದ್ದೆ ಚಾಪೆ, ಒದ್ದೆ ಕೈ," ಅಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಆಗಬೇಕೆಂದೂ ಇಲ್ಲ. ಗಾಳವೇ ಬೇಡವೆನ್ನುವ ಪ್ರಾಣಿಗಳ ಪಕ್ಷ 2006ರಿಂದ ಇದೇ ಊರಿನ ಸಂಸತ್ತಿನಲ್ಲಿ ಕೂತಿದೆ. ಆ ಪ್ರಶ್ನೆ ನಮ್ಮ ಮುಂದೆ ಇರುವುದು ನಮಗೇ ಒಳ್ಳೆಯದು ಅನ್ನುವವನು ನಾನು.

ಮರಿ ಬಿಡುವುದರ ಬಗ್ಗೆ ನನ್ನ ಅನುಮಾನ ಹುಟ್ಟಿದ್ದು ಈ ದೇಶದಲ್ಲಲ್ಲ, ಕಾವೇರಿಯಲ್ಲಿ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೊ ದಾಟಿದ ಮಹಸೀರ್ ಹಿಡಿದವರು ಮೈಸೂರಿನ ಡಿ ವೆಟ್ ವಾನ್ ಇಂಗನ್. ಹುಲಿ, ಚಿರತೆಗಳ ಚರ್ಮಕ್ಕೆ ಜೀವಕಳೆ ಕೊಡುತ್ತಿದ್ದ ಮನೆತನ, ಹೆಸರು ಮಾತ್ರ ಈ ಡಚ್ಚರ ನಾಡಿನದು. ಆ ಮೀನಿನ ಕುಲ ಕುಗ್ಗುತ್ತಿದೆ ಎಂದು ಕಂಡವರೂ ಗಾಳದವರೇ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಕಾವೇರಿಯ ಒಂದು ಹರವನ್ನು ಗುತ್ತಿಗೆಗೆ ಹಿಡಿದು ಕಾಯಿತು. ಕೊಡಗಿನ ವನ್ಯಜೀವಿ ಸಂಘ ವಾಲ್ನೂರಿನ ಕಡೆಯ ನೀರನ್ನು ಕಾಯಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಶಿಬಿರಗಳಲ್ಲಿ, ಮೊದಲು ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರೂ ರಾಗಿಹಿಟ್ಟಿನ ಉಂಡೆ ಕಟ್ಟಿಕೊಡುವ ಜೊತೆಗಾರರಾದರು, ಕಾವಲುಗಾರರಾದರು. ಇದಕ್ಕಿಂತ ಒಳ್ಳೆಯ ಸಂಘದ ಕೆಲಸ ನಾನು ಎಲ್ಲಿಯೂ ಕೇಳಿಲ್ಲ.

ಜೊತೆಗೆ ಇನ್ನೊಂದೂ ನಡೆಯಿತು. 1970ರ ದಶಕದಿಂದ ಲೋಣಾವಳದ ಟಾಟಾ ಮೀನುಮರಿ ಕೇಂದ್ರದಲ್ಲಿ ಬೆಳೆದ ನೀಲಿ ರೆಕ್ಕೆಯ ಮಹಸೀರ್ ಮರಿಗಳು ಕಾವೇರಿಗೆ ಬಂದವು. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು. ಆದರೆ ಕಾವೇರಿಯದೇ ಆದ ಮೀನು ಬೇರೆ: ಬೆನ್ನಿನ ಮೇಲೆ ಗೂನು, ಬಾಲಕ್ಕೆ ಕಿತ್ತಳೆ ಬಣ್ಣ. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಪುಸ್ತಕಗಳನ್ನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಜೊತೆಯವರು 2015ರಲ್ಲಿ ಲೆಕ್ಕಕ್ಕಿಟ್ಟರು. 23,620 ಗಂಟೆಗಳ ಗಾಳ, ಹಿಡಿದು ಬಿಟ್ಟ 6,161 ಮೀನು. ಒಟ್ಟು ಮೀನು ಹೆಚ್ಚುತ್ತ ಹೋಗಿತ್ತು. ಗೂನುಬೆನ್ನಿನದು ಮಾತ್ರ ಕರಗುತ್ತ ಬಂದಿತ್ತು. ಹೆಚ್ಚಿದ್ದು ತಂದು ಬಿಟ್ಟ ನೀಲಿ ರೆಕ್ಕೆಯದು. ಬರೆದಿಡದೆ ಹೋಗಿದ್ದರೆ ಎಲ್ಲರೂ ನದಿ ಸುಧಾರಿಸಿತೆಂದೇ ಖುಷಿಪಡುತ್ತಿದ್ದರು.

ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅಷ್ಟರಲ್ಲಿ, ವನ್ಯಜೀವಿ ಕಾನೂನಿನ ಅರ್ಥವಿವರಣೆಯಿಂದ, ರಕ್ಷಿತ ಕಾಡಿನೊಳಗಿನ ಶಿಬಿರಗಳ ಗಾಳ ನಿಂತುಹೋಗಿತ್ತು. ಗಾಳದ ಜೊತೆ ಗಾಳಗಾರರ ಕಾವಲೂ ಲೆಕ್ಕದ ಪುಸ್ತಕವೂ ಹೋದವು ಎಂಬ ಈ ಸಂಶೋಧಕರ ಕೊರಗು ನನ್ನದೂ ಹೌದು. ಕಾನೂನಿನ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಶಿಶಿಲದಲ್ಲಿ ದೇವರ ಮೀನೆಂದು ಊರೇ ಕಾಯುತ್ತಿದ್ದ ಮಹಸೀರ್‌ಗಳಿಗೂ 1996ರಲ್ಲಿ ಯಾರೋ ವಿಷ ಹಾಕಿದರು. ಅಷ್ಟು ಕಣ್ಣುಗಳಿದ್ದ ಕಡೆಯೇ ಹೀಗಾದರೆ, ಯಾರೂ ನೋಡದ ಮಡುವಿನ ಗತಿ?

ಹಾಗಾಗಿ ಟ್ರೌಟ್ ಕೇಳಿದವರಿಗೆ ನನ್ನ ಉತ್ತರ: ವಿಸ್‌ಪಾಸ್ ಮಾಡಿಸಿ, ಸಂಘದ ವಾರ್ಷಿಕ ಸಭೆಗೆ ಹೋಗಿ, ಈ ವರ್ಷ ಮೀನು ಎಷ್ಟು ಬಿಡುತ್ತೀರಿ ಎಂದು ಕೇಳುವ ಬದಲು ಯಾವ ಪಂಪುಮನೆಗೆ ಏರುದಾರಿ ಬಂತು ಎಂದು ಕೇಳಿ. ರಜೆಗೆ ಊರಿಗೆ ಹೋಗಿ ಕೊಡಗಿನ ನೀರಿನಲ್ಲಿ ಪರವಾನಗಿ ಪಡೆದು ಗಾಳ ಹಾಕುವವರು, ಮಹಸೀರ್ ಸಿಕ್ಕರೆ ನೀರಿನೊಳಗೇ ಹಿಡಿದು ಒಂದು ಪಕ್ಕದ ಚಿತ್ರ ತೆಗೆಯಿರಿ. ಬೆನ್ನಿನ ಗೂನು, ಬಾಲದ ಬಣ್ಣ ಕಾಣಬೇಕು. ತಾರೀಖು, ಜಾಗ, ಅಂದಾಜು ಉದ್ದ ಬರೆದು ಅಲ್ಲಿನ ಸಂಘದವರ ಕೈಗೆ ಕೊಟ್ಟು ಬನ್ನಿ.