ಗುಡಿಗೆ ಬಂದ ದೀಪಗಳು

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡ ಜನಪದ ಕಥೆ. ಹೆಂಗಸೊಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತು, ಯಾರಿಗೂ ಹೇಳಲೊಲ್ಲಳು. ಉಸಿರುಗಟ್ಟಿದ ಕಥೆ ಹೊರಬಿದ್ದು ಗಂಡಸರ ಕಾಲಿನ ಜೋಡಾಯಿತು, ಹಾಡು ಗೂಟಕ್ಕೆ ತೂಗುವ ಕೋಟಾಯಿತು. ಅವನ್ನು ಕಂಡ ಗಂಡ ಸುಮ್ಮನಿರುತ್ತಾನೆಯೇ? ಜಗಳವಾಡಿ ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ಊರವರು ಆರಿಸಿದ ದೀಪಗಳೆಲ್ಲ ಅಲ್ಲಿ ಹರಟುತ್ತಿದ್ದವು! ಅವನ ಮನೆಯದು ತಡವಾಗಿ ಬಂತು: ಜಗಳದಲ್ಲಿ ಆರಿಸುವುದೇ ತಡವಾಯಿತಂತೆ.

ಆ ಸಬೂಬಿಗೇ ನಾನು ಸೋತೆ. ಮಂತ್ರದಂಡವಿಲ್ಲ, ರಾಕ್ಷಸನಿಲ್ಲ, ಜೋಡು, ಕೋಟು, ಗೂಟದಲ್ಲೇ ಅದ್ಭುತ ಕಟ್ಟುವ ಕಸುಬು. ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ನಾಟಕಕ್ಕೂ ಇಂಥವೇ ಜ್ಯೋತಿಗಳು ಬಂದವು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಹನುಮಪ್ಪನ ಗುಡಿಯಿಲ್ಲದ ಊರು ನಾನು ಕಂಡಿಲ್ಲ. ಕರೆಂಟು ಹೋದ ರಾತ್ರಿ ಒಮ್ಮೆ ಕಟ್ಟೆಯ ಮೇಲೆ ಕೂತು ಕಿವಿಗೊಡಿ.